ಹೇಳಿಕೊಳ್ಳಲು ಒಬ್ಬ ವೈದ್ಯೆ ಬೇಕಿತ್ತು: ಡಾ. ಆನಂದಿಬಾಯಿ ಜೋಶಿ ಅವರ ಬದುಕು

ಒಂದೇ ಕಾಯಿಲೆ ಇಬ್ಬರಿಗೆ ಬಂದರೂ ಇಬ್ಬರಿಗೂ ಒಂದೇ ಹೊತ್ತಿಗೆ ಚಿಕಿತ್ಸೆ ಸಿಗುವುದಿಲ್ಲ. ರೋಗಿ ಹೆಣ್ಣೋ ಗಂಡೋ, ವಯಸ್ಸೆಷ್ಟು, ಮನೆಯ ಕಟ್ಟುಪಾಡುಗಳೇನು, ತೊಂದರೆಯನ್ನು ಯಾರ ಮುಂದೆ ಬಾಯಿಬಿಟ್ಟು ಹೇಳಬಲ್ಲರು ಎಂಬುದರ ಮೇಲೆ ಅದು ನಿಂತಿರುತ್ತದೆ. ಇದನ್ನು ತಮ್ಮ ಬದುಕಿನಲ್ಲೇ ಕಂಡು, ಪರಿಹಾರ ಹುಡುಕಲು ಸಮುದ್ರ ದಾಟಿದವರು ಡಾ. ಆನಂದಿಬಾಯಿ ಜೋಶಿ. ಪಾಶ್ಚಾತ್ಯ ವೈದ್ಯಕೀಯದಲ್ಲಿ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಅವರೊಬ್ಬರು. ತೀರಿಕೊಂಡಾಗ ಅವರಿಗೆ ಇನ್ನೂ 22 ತುಂಬಿರಲಿಲ್ಲ.

ಕಲ್ಯಾಣದ ಯಮುನಾ

ಇಂದು ಮುಂಬೈ ಲೋಕಲ್ ರೈಲಿನಲ್ಲಿ ಲಕ್ಷಾಂತರ ಜನ ಹತ್ತಿಳಿಯುವ ಕಲ್ಯಾಣದಲ್ಲಿ ಜಮೀನು ಹೊಂದಿದ್ದ ಮರಾಠಿ ಬ್ರಾಹ್ಮಣ ಮನೆತನವೊಂದರ ಮಗಳು ಯಮುನಾ. ಹುಟ್ಟಿದ್ದು 1865ರ ಮಾರ್ಚ್ 31ರಂದು. ಒಂಬತ್ತನೆಯ ವಯಸ್ಸಿಗೆ ಮದುವೆಯಾಯಿತು. ವರ ಗೋಪಾಲರಾವ್ ಜೋಶಿ ಅಂಚೆ ಇಲಾಖೆಯ ನೌಕರರು, ಹೆಂಡತಿಯನ್ನು ಕಳೆದುಕೊಂಡಿದ್ದವರು, ಹುಡುಗಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವರು. ಮದುವೆಯ ನಂತರ ಯಮುನಾ ಆನಂದಿಯಾದಳು.

ಹೆಣ್ಣುಮಕ್ಕಳು ಓದಬೇಕು ಎಂದು ಗೋಪಾಲರಾವ್ ಹಠ ಹಿಡಿದಿದ್ದರು. ಹೆಂಡತಿಗೆ ತಾವೇ ಪಾಠ ಹೇಳಿದರು. ಅದೇ ಮನುಷ್ಯ ಆಕೆಯನ್ನು ಹೊಡೆಯುತ್ತಲೂ ಇದ್ದರು. ಮುಂದೆ ಆನಂದಿಬಾಯಿ ಗಂಡನಿಗೇ ಬರೆದ ಪತ್ರದಲ್ಲಿ ಆ ಪೆಟ್ಟುಗಳನ್ನು ನೆನಪಿಸಿದ್ದಾರೆ. ಅವರ ಓದಿನ ಹಿಂದೆ ಪ್ರೋತ್ಸಾಹ, ಹಿಂಸೆ ಎರಡೂ ಇದ್ದವು ಎಂಬುದನ್ನು ಮರೆತರೆ ಈ ಕಥೆ ಅರ್ಧವೇ ಆಗುತ್ತದೆ.

ಹತ್ತು ದಿನದ ಮಗು

ಹದಿನಾಲ್ಕನೆಯ ವಯಸ್ಸಿನಲ್ಲಿ ಆನಂದಿಗೆ ಗಂಡು ಮಗು ಹುಟ್ಟಿತು. ಸರಿಯಾದ ವೈದ್ಯಕೀಯ ನೆರವು ಸಿಗದೆ ಹತ್ತು ದಿನಕ್ಕೇ ಅದು ತೀರಿಕೊಂಡಿತು.

ಆ ಕಾಲದಲ್ಲಿ ಹೆರಿಗೆ ಎಂದರೆ ಮನೆಯ ಒಳಕೋಣೆ ಮತ್ತು ಸೂಲಗಿತ್ತಿ. ಪಾಶ್ಚಾತ್ಯ ಪದ್ಧತಿಯ ವೈದ್ಯರು ಇದ್ದರೂ ಅವರಲ್ಲಿ ಬಹುತೇಕರು ಗಂಡಸರು. ಮರ್ಯಾದಸ್ಥ ಮನೆಯ ಹೆಂಗಸು ಪರಪುರುಷನಿಗೆ ಮೈ ತೋರಿಸುವುದಿರಲಿ, ತನ್ನ ನೋವನ್ನು ಹೇಳಿಕೊಳ್ಳುವುದೂ ತಪ್ಪಾಗಿತ್ತು. ಊರಲ್ಲಿ ವೈದ್ಯರಿದ್ದರೂ ಅವಳ ಪಾಲಿಗೆ ಇಲ್ಲದಂತೆಯೇ.

ವಯಸ್ಸಿನ ಪ್ರಶ್ನೆಯೂ ಇಲ್ಲಿದೆ. ಹದಿಹರೆಯದ ತಾಯಂದಿರಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರುವ ಅಪಾಯ ಹೆಚ್ಚು. ಅವಧಿಗೆ ಮುಂಚೆ ಹೆರಿಗೆಯಾಗುವುದು, ಮಗುವಿನ ತೂಕ ಕಡಿಮೆಯಿರುವುದು ಕೂಡ ಅವರಲ್ಲಿ ಹೆಚ್ಚು. ಇಂದು ಇದು ವೈದ್ಯಕೀಯ ಪಠ್ಯದ ಮಾತು. ಅಂದು ಅದನ್ನು ಹಣೆಬರಹ ಎನ್ನುತ್ತಿದ್ದರು. ಹದಿನಾಲ್ಕರ ಆ ತಾಯಿ ಅದನ್ನು ಹಣೆಬರಹವೆಂದು ಒಪ್ಪದೆ, ತಾನೇ ವೈದ್ಯೆಯಾಗಬೇಕೆಂದು ನಿರ್ಧರಿಸಿದಳು.

ಸೆರಾಂಪುರದ ಭಾಷಣ

ಗೋಪಾಲರಾವ್ ಅವರಿಗೆ ವರ್ಗಾವಣೆಯಾದಂತೆ ಸಂಸಾರ ಊರೂರು ಸುತ್ತಿತು. ಕೊಲ್ಹಾಪುರದಲ್ಲಿದ್ದಾಗ ಅವರು ಹೆಂಡತಿಯ ಓದಿಗೆ ನೆರವು ಕೇಳಿ ಅಮೆರಿಕದ ಮಿಷನರಿಯೊಬ್ಬರಿಗೆ ಪತ್ರ ಬರೆದರು. ಕ್ರೈಸ್ತರಾದರೆ ನೆರವು ಸಿಗಬಹುದು ಎಂಬ ಉತ್ತರ ಬಂತು, ದಂಪತಿ ಒಪ್ಪಲಿಲ್ಲ. ಆದರೆ ಆ ಪತ್ರ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1880ರಲ್ಲಿ ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಥಿಯೋಡಿಶಿಯಾ ಕಾರ್ಪೆಂಟರ್ ಹಲ್ಲಿನ ವೈದ್ಯರ ಬಳಿ ಸರದಿಗಾಗಿ ಕಾಯುತ್ತಾ ಅದನ್ನು ಓದಿದರು. ಪತ್ರವ್ಯವಹಾರ ಶುರುವಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡುವ ಮೊದಲೇ ಚಿಕ್ಕಮ್ಮ-ಮಗಳಂತಾದರು.

ಬಂಗಾಳದಲ್ಲಿದ್ದಾಗಲೇ ಆನಂದಿಬಾಯಿಯ ಆರೋಗ್ಯ ಕೆಟ್ಟಿತ್ತು. ತಲೆನೋವು, ಆಗಾಗ ಜ್ವರ, ಸುಸ್ತು, ಕೆಲವೊಮ್ಮೆ ಉಸಿರಾಟಕ್ಕೆ ಕಷ್ಟ. ಥಿಯೋಡಿಶಿಯಾ ಅಮೆರಿಕದಿಂದ ಔಷಧಿ ಕಳಿಸಿದರು, ಗುಣ ಕಾಣಲಿಲ್ಲ.

ಹೆಂಗಸೊಬ್ಬಳು ಗಂಡನನ್ನು ಬಿಟ್ಟು ಒಬ್ಬಳೇ ಸಮುದ್ರ ದಾಟುವುದಕ್ಕೆ ಸಮಾಜದ ವಿರೋಧ ಜೋರಾಗಿತ್ತು. 1883ರ ಫೆಬ್ರವರಿಯಲ್ಲಿ, ಕಲ್ಕತ್ತಾ ಬಳಿಯ ಸೆರಾಂಪುರದ ಕಾಲೇಜಿನ ಸಭಾಂಗಣದಲ್ಲಿ ಹದಿನೇಳರ ಆನಂದಿಬಾಯಿ ಎದ್ದು ನಿಂತು ತಾವೇಕೆ ಹೋಗುತ್ತಿದ್ದೇವೆ ಎಂದು ವಿವರಿಸಿದರು. ಭಾರತಕ್ಕೆ ಹಿಂದೂ ಮಹಿಳಾ ವೈದ್ಯರು ಬೇಕು. ಹೆಂಗಸರು ಗಂಡಸರ ಮುಂದೆ ಹೇಳಿಕೊಳ್ಳಲಾರದ ತೊಂದರೆಗಳಿವೆ. ತಾನು ಧರ್ಮ ಬದಲಿಸುವುದಿಲ್ಲ ಎಂಬುದು ಅವರ ಮಾತಿನ ಸಾರ. ಸುದ್ದಿ ಹರಡಿತು, ಹಣದ ನೆರವೂ ಬಂತು. ಏಪ್ರಿಲ್‌ನಲ್ಲಿ ಕಲ್ಕತ್ತಾದಿಂದ ಹಡಗು ಹತ್ತಿ ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿದರು.

ಫಿಲಡೆಲ್ಫಿಯಾದ ಮೂರು ಚಳಿಗಾಲ

ಫಿಲಡೆಲ್ಫಿಯಾದಲ್ಲಿ 1850ರಲ್ಲೇ ಶುರುವಾಗಿದ್ದ ಮಹಿಳೆಯರ ವೈದ್ಯಕೀಯ ಕಾಲೇಜು ಅವರನ್ನು ಸೇರಿಸಿಕೊಂಡಿತು. ಡೀನ್ ರೇಚಲ್ ಬಾಡ್ಲಿ ಅವರು ಬೆನ್ನಿಗೆ ನಿಂತರು. ಸೀರೆ ಬಿಡುವುದಿಲ್ಲ, ಮಾಂಸ ತಿನ್ನುವುದಿಲ್ಲ ಎಂದು ಹೊರಡುವಾಗಲೇ ನಿಶ್ಚಯಿಸಿದ್ದ ಆನಂದಿಬಾಯಿ ಹಾಗೆಯೇ ನಡೆದುಕೊಂಡರು. ಆದರೆ ಅಲ್ಲಿನ ಹಿಮದ ಚಳಿಗೆ ಸೀರೆ ಸಾಲದು. ಒಪ್ಪುವ ಊಟ ಸಿಗುವುದೂ ಕಷ್ಟ. ಮೊದಲೇ ಬಡಕಲಾಗಿದ್ದ ದೇಹ ಇನ್ನಷ್ಟು ಸೊರಗಿತು.

ಅದು ಅವರ ಹಠ ಎಂದು ತಳ್ಳಿಹಾಕುವುದು ಸುಲಭ. ಆದರೆ ಉಡುಗೆ, ಊಟ ಬದಲಾದರೆ ಊರಿಗೆ ಮರಳಿದಾಗ ಯಾವ ಹೆಂಗಸರಿಗಾಗಿ ಓದಿದರೋ ಅವರೇ ಹತ್ತಿರ ಬರುತ್ತಿರಲಿಲ್ಲ. ಅವರ ನಂಬಿಕೆ ಉಳಿಸಿಕೊಳ್ಳಲು ಆನಂದಿಬಾಯಿ ತೆತ್ತ ಬೆಲೆ ತಮ್ಮ ಆರೋಗ್ಯ.

1885ರ ಅಕ್ಟೋಬರ್‌ನಲ್ಲಿ ತೆಗೆದ ಕಾಲೇಜಿನ ಫೋಟೊ ಒಂದು ಈಗಲೂ ಪ್ರಸಿದ್ಧ. ಸೀರೆಯುಟ್ಟ ಆನಂದಿಬಾಯಿ, ಕಿಮೊನೊ ತೊಟ್ಟ ಜಪಾನಿನ ಕೆಯ್ಕೊ ಒಕಾಮಿ, ತಮ್ಮ ನಾಡಿನ ಉಡುಪಿನಲ್ಲಿರುವ ಸಿರಿಯಾದ ಸಬಾತ್ ಇಸ್ಲಾಂಬುಲಿ ಅದರಲ್ಲಿದ್ದಾರೆ. ಆನಂದಿಬಾಯಿ ಪ್ರಬಂಧಕ್ಕೆ ಆರಿಸಿಕೊಂಡದ್ದು ಪ್ರಾಚೀನ ಹಿಂದೂಗಳ ಪ್ರಸೂತಿ ಶಾಸ್ತ್ರ. ಆಯುರ್ವೇದ ಗ್ರಂಥ ಮತ್ತು ಅಮೆರಿಕದ ಪಠ್ಯ ಎರಡನ್ನೂ ಬಳಸಿ ಅದನ್ನು ಬರೆದರು. 1886ರ ಮಾರ್ಚ್ 11ರಂದು ಪದವಿ ಪಡೆದರು. ಸಭೆಯಲ್ಲಿ ಪಂಡಿತಾ ರಮಾಬಾಯಿ ಕೂಡ ಇದ್ದರು.

ಔಷಧಿಯಿಲ್ಲದ ಕಾಲದ ಕ್ಷಯ

ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಾರ್ಡಿನ ಹೊಣೆ ಅವರಿಗಾಗಿ ಕಾದಿತ್ತು. 1886ರ ಕೊನೆಗೆ ಅವರು ಭಾರತಕ್ಕೆ ಮರಳಿದರು. ಅಷ್ಟರಲ್ಲಿ ಕ್ಷಯ ಅವರನ್ನು ಹಿಂಡಿತ್ತು. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ಕೊನೆಯುಸಿರೆಳೆದರು. ಕೊಲ್ಹಾಪುರದ ವಾರ್ಡಿನಲ್ಲಿ ಒಂದು ದಿನವೂ ಕೆಲಸ ಮಾಡಲಾಗಲಿಲ್ಲ. ಅವರ ಅಸ್ಥಿಯನ್ನು ಥಿಯೋಡಿಶಿಯಾಗೆ ಕಳಿಸಿದರು. ಅದು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ, ಅವರ ಕುಟುಂಬದ ಸಮಾಧಿಗಳ ನಡುವೆ ಇದೆ.

ಕ್ಷಯಕ್ಕೆ ಬ್ಯಾಕ್ಟೀರಿಯಾ ಕಾರಣ ಎಂದು ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲೇ ತೋರಿಸಿದ್ದರು. ಆದರೆ ಅದನ್ನು ಕೊಲ್ಲುವ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ನಡುವಿನ ಅರವತ್ತು ವರ್ಷ ವೈದ್ಯರ ಕೈಯಲ್ಲಿದ್ದದ್ದು ವಿಶ್ರಾಂತಿ, ಒಳ್ಳೆಯ ಗಾಳಿ, ಪೌಷ್ಟಿಕ ಊಟ, ಮೀನೆಣ್ಣೆ. ಹಾಗಾಗಿ ಆನಂದಿಬಾಯಿಗೆ ಕೊಡಲು ಸರಿಯಾದ ಔಷಧಿ ಭಾರತದಲ್ಲೂ ಇರಲಿಲ್ಲ, ಅಮೆರಿಕದಲ್ಲೂ ಇರಲಿಲ್ಲ.

ಇಂದು ನಮ್ಮ ಮುಂದಿರುವುದು

ಈಗ ಔಷಧಿ ಇದೆ. ಔಷಧಿಗೆ ಬಗ್ಗುವ ಸಾಮಾನ್ಯ ಕ್ಷಯ ಆರು ತಿಂಗಳ ಮಾತ್ರೆಯಿಂದ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ನೆರವೂ ಇದೆ. ಆದರೆ ಹೇಳಿಕೊಳ್ಳಲಾಗದ ಸಂಕೋಚ ಪೂರ್ತಿ ಹೋಗಿಲ್ಲ. ಮದುವೆಯಾಗಬೇಕಾದ ಹುಡುಗಿಯ ಕೆಮ್ಮನ್ನು ಮನೆಯವರೇ ಮುಚ್ಚಿಡುತ್ತಾರೆ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವ ಸೊಸೆಯ ತೂಕ ಇಳಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತಾಗ, ರೋಗಿಗಳ ಮಾತನ್ನು ಅನುವಾದಿಸುವಾಗ ನಾನು ಹೆಚ್ಚು ಕಾಣುವುದು ಇನ್ನೊಂದು ತೊಡಕು. ಪುಣೆಯಲ್ಲೋ ದೆಹಲಿಯಲ್ಲೋ ಮಗನ ಮನೆಗೆ ಬಂದಿರುವ ಕನ್ನಡದ ತಾಯಿಗೆ ಅಲ್ಲಿನ ಭಾಷೆ ಬಾರದು. ವೈದ್ಯರಿಗೆ ಮಗನೇ ಹೇಳಬೇಕು. ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತಿದೆ ಎಂದು ಅವರು ಮಗನ ಮೂಲಕ ಹೇಗೆ ಹೇಳಿಯಾರು? ಸೊಂಟನೋವು ಎಂದಷ್ಟೇ ಹೇಳಿ ಮಾತ್ರೆ ತೆಗೆದುಕೊಂಡು ಹೋಗುತ್ತಾರೆ. ತಡಮಾಡಬಾರದ ಲಕ್ಷಣವೊಂದು ಹೀಗೆ ಉಳಿದುಹೋಗುತ್ತದೆ.

ನೀವು ರೋಗಿಯಾಗಿರಲಿ, ಆರೈಕೆ ಮಾಡುವವರಾಗಿರಲಿ, ಈ ಕೆಲವು ವಿಷಯಗಳನ್ನು ನೆನಪಿಡಿ.

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಕಫದಲ್ಲಿ ರಕ್ತ: ಇವುಗಳಲ್ಲಿ ಯಾವುದಿದ್ದರೂ ಕ್ಷಯದ ಪರೀಕ್ಷೆ ಮಾಡಿಸಿ.

ಕ್ಷಯ ಗರ್ಭಕೋಶ, ಗರ್ಭನಾಳಗಳಿಗೂ ಬರಬಹುದು. ಆಗ ಕೆಮ್ಮು ಇಲ್ಲದೆಯೂ ಮುಟ್ಟಿನ ಏರುಪೇರು, ಕೆಳಹೊಟ್ಟೆ ನೋವು ಕಾಣಿಸಬಹುದು, ಗರ್ಭ ನಿಲ್ಲದಿರಬಹುದು.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಅದು ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನು ಕುಂದಿಸುತ್ತದೆ. ಆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿ, ಬೇರೆ ವಿಧಾನ ಕೇಳಿ.

ಚಿಕಿತ್ಸೆಯ ನಡುವೆ ಗರ್ಭ ನಿಂತರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಕೂಡಲೇ ವೈದ್ಯರಿಗೆ ಹೇಳಿ.

ಪುರುಷ ವೈದ್ಯರು ಪರೀಕ್ಷಿಸುವಾಗ ಜೊತೆಗೆ ಇನ್ನೊಬ್ಬ ಮಹಿಳೆ ಇರಬೇಕೆಂದು ಕೇಳುವುದು ರೋಗಿಯ ಹಕ್ಕು.

ಅಮ್ಮನಿಗೋ ಅತ್ತೆಗೋ ಭಾಷೆ ಬಾರದಿದ್ದರೆ ಅವರಿಗೆ ಸಲಿಗೆಯಿರುವ ಹೆಂಗಸೊಬ್ಬರನ್ನು ಜೊತೆಗೆ ಕಳಿಸಿ. ಯಾರೂ ಇಲ್ಲವಾದರೆ ಊರಿನಲ್ಲಿರುವ ಮಗಳನ್ನೋ ತಂಗಿಯನ್ನೋ ಫೋನಿನಲ್ಲಿ ಹಿಡಿದು ಮಾತನಾಡಿಸಿ, ನೀವು ಸ್ವಲ್ಪ ಹೊತ್ತು ಹೊರಗೆ ಕುಳಿತಿರಿ. ನಿಮ್ಮ ಮುಂದೆ ಬಾರದ ಮಾತು ಆಗ ಬರಬಹುದು.