ಪನ್ನಾಲಾಲ ಘೋಷರ ಕೊಳಲು

ಚಿತ್ರಗೀತೆಯನ್ನು ಹಾಡಿದವರು ಯಾರೆಂದು ಕೇಳುತ್ತೇವೆ. ಅದರ ಹಿಂದೆ ಕೊಳಲೂದಿದವರು ಯಾರೆಂದು ಕೇಳುವುದಿಲ್ಲ. ತ. ರಾ. ಸು. ಅವರ ‘ಹಂಸಗೀತೆ’ಯನ್ನು ಪಾಠ ಹೇಳುವಾಗ, ಅದು 1956ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರವಾಯಿತೆಂದೂ ನಮ್ಮ ಗದುಗಿನ ಭೀಮಸೇನ ಜೋಶಿಯವರು ಅದರಲ್ಲಿ ಹಾಡಿದರೆಂದೂ ಹೇಳಿದರೆ ವಿದ್ಯಾರ್ಥಿಗಳು ತಲೆದೂಗುತ್ತಾರೆ. ಆ ಚಿತ್ರದ ಕೊಳಲು ಪನ್ನಾಲಾಲ ಘೋಷರದು ಎಂದಾಗ ಮಾತ್ರ ಸುಮ್ಮನಾಗುತ್ತಾರೆ.

ಪನ್ನಾಲಾಲರು ಹುಟ್ಟಿದ್ದು 1911ರಲ್ಲಿ, ಪೂರ್ವ ಬಂಗಾಳದ ಬಾರಿಸಾಲಿನಲ್ಲಿ. ತಂದೆ ಸಿತಾರ್ ಬಲ್ಲವರು. ಅಂದಿನ ಉತ್ತರ ಹಿಂದೂಸ್ಥಾನದಲ್ಲಿ ಕೊಳಲಿಗೆ ಕಛೇರಿಯ ಪೀಠವಿರಲಿಲ್ಲ. ದಕ್ಷಿಣದಲ್ಲಿ ಶರಭಶಾಸ್ತ್ರಿಗಳು ಆ ವೇಳೆಗಾಗಲೇ ಅದನ್ನು ವೇದಿಕೆಗೇರಿಸಿ ಹೋಗಿದ್ದರು. ಅಲ್ಲಿ ಅದಿನ್ನೂ ಗೊಲ್ಲರ ವಾದ್ಯ, ಹಳ್ಳಿಯ ಹಾಡಿನ ವಾದ್ಯ. ದೇವರ ತುಟಿಯ ಮೇಲಿದ್ದುದಕ್ಕೆ ವಿದ್ವತ್ಸಭೆಯಲ್ಲಿ ಮಣೆಯಿಲ್ಲದಿದ್ದುದು ವಿಚಿತ್ರವೇ ಸರಿ. ಆದರೆ ಅದಕ್ಕೊಂದು ಕಾರಣವೂ ಇತ್ತು. ಗಿಡ್ಡ ಕೊಳಲಿನ ಏರುದನಿಯಲ್ಲಿ ಲಘುವಾದ ಧಾಟಿಗಳನ್ನು ನುಡಿಸಬಹುದು. ಮಂದ್ರದಲ್ಲಿ ನಿಂತು ನಿಧಾನವಾಗಿ ಬೆಳೆಯುವ ಆಲಾಪವನ್ನು ನುಡಿಸುವುದೆಂತು? ಪನ್ನಾಲಾಲರು ಹಲವು ಪ್ರಯೋಗಗಳ ಬಳಿಕ ಸುಮಾರು 32 ಅಂಗುಲದ ಬಿದಿರನ್ನು ಕೈಗೆತ್ತಿಕೊಂಡರು. ತೀವ್ರ ಮಧ್ಯಮಕ್ಕೆಂದು ಏಳನೆಯ ರಂಧ್ರವೊಂದನ್ನು ಕೂಡಿಸಿದರು. ಬೆರಳು ಅಗಲವಾಗಿ ಹರಡಬೇಕು, ಉಸಿರು ದೀರ್ಘವಾಗಬೇಕು. ವಾದ್ಯವನ್ನು ಬದಲಿಸಿದಾತ ತನ್ನ ಮೈಯನ್ನೂ ಬದಲಿಸಬೇಕಾಯಿತು.

ಈ ಸಾಧನೆಗೆ ಅನ್ನವಿಕ್ಕಿದ್ದು ಸಿನಿಮಾ. ಕಲಕತ್ತೆಯ ನ್ಯೂ ಥಿಯೇಟರ್ಸಿನಲ್ಲಿ ಕೆಲಸಮಾಡಿ, 1940ರಲ್ಲಿ ಮುಂಬಯಿಗೆ ಬಂದರು. 1942ರ ‘ಬಸಂತ್’ ಚಿತ್ರದ ಸಂಗೀತ ನಿರ್ದೇಶಕರೆಂದು ಅವರ ಹೆಸರೇ ಇದೆ. ಮಡದಿ ಪಾರುಲ್ ಘೋಷ್ ಹಿನ್ನೆಲೆಗಾಯಕಿ. ಆಕೆಯ ಅಣ್ಣ ಸಂಗೀತ ನಿರ್ದೇಶಕ ಅನಿಲ್ ಬಿಸ್ವಾಸ್. ಇಷ್ಟು ನೆಲೆಯಾದ ಮೇಲೆ, 35 ದಾಟಿದ ವಯಸ್ಸಿನಲ್ಲಿ, 1947ರಲ್ಲಿ, ಅವರು ಉಸ್ತಾದ್ ಅಲ್ಲಾವುದ್ದೀನ್ ಖಾನರ ಶಿಷ್ಯರಾದರು.

ಚಿತ್ರಸಂಗೀತಕ್ಕಿಳಿದ ವಿದ್ವಾಂಸ ಕೆಟ್ಟನೆಂಬ ಮಾತು ನಮ್ಮಲ್ಲಿ ಹಳೆಯದು. ನಾನಿದನ್ನು ಒಪ್ಪಲಾರೆ. ‘ಬಸಂತ್ ಬಹಾರ್’ನಲ್ಲಿ ಲತಾ ಮಂಗೇಶ್ಕರರು ಹಾಡಿದ ಭೈರವಿಯನ್ನು ಕೇಳಿನೋಡಿ. (‘ಹಂಸಗೀತೆ’ಯ ನಾಯಕನೂ ಭೈರವಿ ವೆಂಕಟಸುಬ್ಬಯ್ಯನೇ, ಹಿಂದೂಸ್ಥಾನಿ ಭೈರವಿ ಬೇರೆಯೆನ್ನಿ.) ಅಲ್ಲಿ ಕೊಳಲು ಚರಣಗಳ ನಡುವಿನ ತೆರಪನ್ನು ತುಂಬಿ ಸರಿಯುವುದಿಲ್ಲ, ಕಂಠದೊಡನೆ ಸಮನಾಗಿ ಸಂವಾದಕ್ಕೆ ನಿಲ್ಲುತ್ತದೆ. ಕೆಲವೇ ನಿಮಿಷಗಳ ಹಾಡಿನಲ್ಲಿ ರಾಗದ ಮುಖ ಕೆಡುವುದಿಲ್ಲ. ಹಾಗೆ ಹಿಡಿದು ನುಡಿಸುವುದು ಎರಡು ಗಂಟೆಯ ಕಛೇರಿಗಿಂತ ಸುಲಭವೆಂದು ನನಗೆ ಎಂದೂ ತೋರಿಲ್ಲ. ಮಂದ್ರದ ಮೆಲುದನಿಯನ್ನು ದೂರದ ಊರುಗಳಿಗೆ ಮುಟ್ಟಿಸಿದ್ದು ಚಿತ್ರಶಾಲೆಯ, ಬಾನುಲಿಯ ಧ್ವನಿಗ್ರಾಹಕಗಳಲ್ಲವೆ?

ಅದೇ 1956ರಲ್ಲಿ ಅವರು ದೆಹಲಿಗೆ ಹೋಗಿ ಆಕಾಶವಾಣಿಯ ವಾದ್ಯವೃಂದದ ನಿರ್ದೇಶಕರಾದರು. ಒಂಟಿಯಾಗಿ ನುಡಿಯುವ ಭಾರತೀಯ ವಾದ್ಯಗಳನ್ನು ಒಟ್ಟಿಗೆ ನುಡಿಸುವ ಈ ಹೊಣೆಗೆ ಚಿತ್ರರಂಗದ ಅನುಭವ ಒದಗಿಬಂದಿರಬೇಕು. ಕಾಲ ಮಾತ್ರ ಸಾಲಲಿಲ್ಲ. 1960ರ ಏಪ್ರಿಲ್ 20ರಂದು ತೀರಿಕೊಂಡಾಗ ಅವರಿಗೆ 48 ವರ್ಷ. ಶಿಷ್ಯರೂ ಅಳಿಯಂದಿರೂ ಆದ ದೇವೇಂದ್ರ ಮುರ್ಡೇಶ್ವರರು ಆ ಏಳು ರಂಧ್ರಗಳ ಕೊಳಲನ್ನೇ ಮುಂದುವರಿಸಿದರು.