ಬೇನೆಯ ಹಾಸಿಗೆಯಲ್ಲಿ ಸ್ಪರ್ಜನ್ ಬೋಧಕರು

ವರುಷಗಟ್ಟಳೆ ಕೀಲುಬೇನೆಯಿಂದಲೋ ಬೆನ್ನುಬೇನೆಯಿಂದಲೋ ನರಳುವವರು ಇಲ್ಲದ ಸಭೆಯಿಲ್ಲ. ಅವರ ಬೇನೆಗೆ ನಾವು ಮರುಗುತ್ತೇವೆ. ಆದರೆ ಅವರು ಸಣ್ಣ ಮಾತಿಗೆ ಸಿಡುಕಿದಾಗ, ಮಂಕಾಗಿ ಕುಳಿತಾಗ, ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದೆಂದು ಅತ್ತಾಗ, ಇವರ ನಂಬಿಕೆ ಕುಂದಿತೆಂದು ತೀರ್ಪುಮಾಡಿಬಿಡುತ್ತೇವೆ. ಯೋಬನ ಮಿತ್ರರ ತಪ್ಪು ಇಂಥದೇ. ಹೀಗಿರಲಾಗಿ ಚಾರ್ಲ್ಸ್ ಹ್ಯಾಡನ್ ಸ್ಪರ್ಜನ್ ಎಂಬ ಬೋಧಕರ ಚರಿತ್ರೆಯನ್ನು ನೆನಸಿಕೊಳ್ಳುವದು ನಮಗೆ ಹಿತವಾದದ್ದು.

ಇವರು ೧೮೩೪ನೇ ಇಸವಿ ಜೂನ್ ೧೯ರಂದು ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಕೆಲ್ವೆಡನ್ ಎಂಬ ಊರಲ್ಲಿ ಹುಟ್ಟಿದರು. ತಂದೆಯೂ ಅಜ್ಜನೂ ಬೋಧಕರೇ ಆಗಿದ್ದರು. ೧೮೫೪ರಲ್ಲಿ, ಇಪ್ಪತ್ತು ವರುಷ ತುಂಬುವ ಮುಂಚೆಯೇ, ಲಂಡನಿನ ಒಂದು ಬ್ಯಾಪ್ಟಿಸ್ಟ್ ಸಭೆ ಇವರನ್ನು ಪಾಲಕರಾಗಿ ಕರೆಯಿತು. ಕೇಳಲು ಬಂದ ಜನಸಮೂಹಕ್ಕೆ ದೇವಾಲಯವು ಸಾಲದೆ ಹೋದದರಿಂದ ಸರ್ರಿ ಉದ್ಯಾನದ ಸಂಗೀತಮಂದಿರವನ್ನು ಗೊತ್ತುಮಾಡಿದರು. ೧೮೫೬ರ ಅಕ್ಟೋಬರ್ ೧೯ರ ಸಾಯಂಕಾಲ ಅಲ್ಲಿ ಬೆಂಕಿ ಬಿತ್ತೆಂಬ ಸುಳ್ಳು ಕೂಗು ಎದ್ದಿತು. ನೂಕುನುಗ್ಗಲಿನಲ್ಲಿ ಏಳು ಮಂದಿ ಸತ್ತರು. ಆ ಯೌವನಸ್ಥ ಬೋಧಕರ ಮನಸ್ಸು ಆ ದಿನ ಮುರಿಯಿತು. ಮತ್ತೆ ಪ್ರಸಂಗಪೀಠವನ್ನು ಏರಿದರೂ ಅಂದಿನ ನೆರಳು ಅವರನ್ನು ಕಡೇ ವರೆಗೂ ಬಿಡಲಿಲ್ಲ.

ಇದರ ಮೇಲೆ, ಸುಮಾರು ಮೂವತ್ತೈದನೆಯ ಪ್ರಾಯದಲ್ಲಿ, ಗೌಟ್ ಎಂಬ ಕೀಲುರೋಗವು ಅವರನ್ನು ಹಿಡಿಯಿತು. ರಕ್ತದಲ್ಲಿ ಯೂರಿಕ್ ಆಮ್ಲವು ಹೆಚ್ಚಿ, ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಸೇರುವದೇ ಇದರ ಕಾರಣ. ಈ ಬೇನೆ ಹೆಚ್ಚಾಗಿ ರಾತ್ರಿಯಲ್ಲಿ ಏಳುತ್ತದೆ; ಊದಿದ ಕಾಲಿಗೆ ಹೊದಿಕೆಯ ಭಾರವೂ ತಾಳದು. ಸ್ಪರ್ಜನರು ವಾರಗಟ್ಟಳೆ ಹಾಸಿಗೆ ಹಿಡಿದರು. ಸಾವಿರಾರು ಜನರು ಕಾದಿರುತ್ತಿದ್ದ ಆಲಯಕ್ಕೆ ಹೋಗಲಾರದೆ ಮಲಗಿರುವದು ಅವರಿಗೆ ಇನ್ನೊಂದು ವ್ಯಥೆಯಾಯಿತು. ಹೆಂಡತಿಯಾದ ಸುಸನ್ನಮ್ಮನವರೂ ೧೮೬೮ರಿಂದ ಬಹುಕಾಲ ರೋಗಿಯಾಗಿಯೇ ಮನೆಯಲ್ಲಿದ್ದರು.

ಇಂಥ ಬೇನೆ ಕೀಲಿನಲ್ಲಿ ಹುಟ್ಟಿದರೂ ಕೀಲಿನಲ್ಲಿಯೇ ನಿಲ್ಲುವದಿಲ್ಲ. ನೋವನ್ನು ಅರಿಯುವ ಮಿದುಳಿನ ಭಾಗಗಳಲ್ಲಿ ಕೆಲವು ದುಃಖವನ್ನೂ ಗಮನವನ್ನೂ ಆಳುವವುಗಳೇ ಎಂಬದು ಈಗ ವೈದ್ಯರಿಗೆ ತಿಳಿದ ಸಂಗತಿ. ಅಳುವ ಮಗುವು ತಾಯಿಯ ಕೈಯನ್ನು ಬೇರೆ ಕೆಲಸಕ್ಕೆ ಬಿಡದ ಹಾಗೆ ನೋವು ಗಮನವನ್ನೆಲ್ಲಾ ತನ್ನ ಕಡೆಗೆ ಎಳೆಯುತ್ತದೆ. ಆದಕಾರಣ ಓದಿದ್ದು ನೆನಪಿನಲ್ಲಿ ನಿಲ್ಲದು, ಸಣ್ಣ ನಿರ್ಣಯವೂ ಬೆಟ್ಟವಾಗುವದು. ನೋವು ನಿದ್ದೆಯನ್ನು ಕೆಡಿಸುತ್ತದೆ. ನಿದ್ದೆಗೆಟ್ಟವನಿಗೆ ನೋವು ಇಮ್ಮಡಿಯಾಗುತ್ತದೆ. ಇವೆರಡರ ನಡುವೆ ನಿರೀಕ್ಷೆ ಸೊರಗುತ್ತದೆ. ಇದು ಅಪನಂಬಿಕೆಯಲ್ಲ, ದೇಹದ ಭಾರವನ್ನು ಮನಸ್ಸು ಹೊರುವ ರೀತಿ.

ಸ್ಪರ್ಜನರು ಇದನ್ನು ಅನುಭವದಿಂದ ಅರಿತು, ಮರೆಮಾಡದೆ ಹೇಳಿದರು. ತಮ್ಮ ಬೋಧಕಶಾಲೆಯ ವಿದ್ಯಾರ್ಥಿಗಳಿಗೆ ಮಾಡಿದ ಉಪನ್ಯಾಸಗಳಲ್ಲಿ ಒಂದನ್ನು ಬೋಧಕರ ಎದೆಗುಂದುವಿಕೆಗೇ ಮೀಸಲಿಟ್ಟರು. ದೇಹದ ರೋಗ, ಅತಿ ದುಡಿಮೆ, ಗಾಳಿಯಿಲ್ಲದ ಕೋಣೆಯಲ್ಲಿ ಬಹಳ ಹೊತ್ತು ಕೂತಿರುವದು, ಇವೂ ಮನಸ್ಸನ್ನು ಕುಗ್ಗಿಸುವವೆಂದು ತಿಳಿಸಿದರು. ಕೆಲವು ವೇಳೆ ಕಾರಣವೇ ಕಾಣದೆ ಕತ್ತಲೆ ಕವಿಯುವದೆಂದೂ ಒಪ್ಪಿಕೊಂಡರು. ಕರ್ತನು ಶಿಷ್ಯರನ್ನು ವಿಶ್ರಮಿಸುವದಕ್ಕೆ ಏಕಾಂತಸ್ಥಳಕ್ಕೆ ಕರೆದದ್ದನ್ನು ನೆನಪಿಗೆ ತಂದು, ವಿಶ್ರಾಂತಿ ಸೋಮಾರಿತನವಲ್ಲವೆಂದು ಕಲಿಸಿದರು. ತಾವೂ ೧೮೭೦ರ ದಶಕದಿಂದ ಅನೇಕ ಚಳಿಗಾಲಗಳನ್ನು ಫ್ರಾನ್ಸಿನ ಕಡಲತೀರದ ಮೆಂಟನ್ ಪಟ್ಟಣದಲ್ಲಿ ಕಳೆದರು.

ಆದರೂ ಅವರ ಕೆಲಸ ನಿಲ್ಲಲಿಲ್ಲ. ಕೀರ್ತನೆಗಳ ಮೇಲಿನ ಏಳು ಸಂಪುಟಗಳ ವ್ಯಾಖ್ಯಾನವನ್ನು ೧೮೮೫ರಲ್ಲಿ ಮುಗಿಸಿದರು. ತಾವು ಸ್ಥಾಪಿಸಿದ ಅನಾಥಶಾಲೆಯನ್ನು ನೋಡಿಕೊಂಡರು. ಇದನ್ನು ಕೇಳಿ, ಬೇನೆಯುಳ್ಳವರೆಲ್ಲರೂ ಹಾಗೆಯೇ ದುಡಿಯಲೆಂದು ನಾವು ಎಣಿಸಬಾರದು. ಅವರೂ ಎಷ್ಟೋ ದಿನ ಏನೂ ಮಾಡಲಾರದೆ ಬರೀ ಮಲಗಿದ್ದವರೇ. ಕಡೆಗೆ ಮೂತ್ರಪಿಂಡಗಳೂ ಕೆಟ್ಟು, ೧೮೯೨ರ ಜನವರಿ ೩೧ರಂದು ಮೆಂಟನಿನಲ್ಲಿ ಐವತ್ತೇಳನೆಯ ವಯಸ್ಸಿನಲ್ಲಿ ನಿದ್ರೆಹೋದರು.

ಅವರ ಕಾಲದಲ್ಲಿ ಇಲ್ಲದ ಔಷಧಗಳು ಈಗ ಇವೆ. ಯೂರಿಕ್ ಆಮ್ಲವನ್ನು ತಗ್ಗಿಸುವ ಮಾತ್ರೆ ೧೯೬೦ರ ದಶಕದಿಂದ ಬಳಕೆಯಲ್ಲಿದೆ. ಆದಕಾರಣ ಕೀಲುಬೇನೆಯವರನ್ನು ಮೊದಲು ವೈದ್ಯರ ಬಳಿಗೆ ಕರೆದುಕೊಂಡು ಹೋಗೋಣ. ಮನಸ್ಸಿನ ಕುಗ್ಗುವಿಕೆಯನ್ನೂ ಅವರಿಗೆ ನಾಚದೆ ತಿಳಿಸೋಣ. ರೋಗಿಯನ್ನು ನೋಡಹೋದಾಗ, ನೋವು ಹೇಗಿದೆ ಎಂದು ಕೇಳಿ ಸುಮ್ಮನಾಗದೆ, ರಾತ್ರಿ ನಿದ್ದೆ ಬಂತೋ ಎಂದೂ ವಿಚಾರಿಸೋಣ. ಉದ್ದವಾದ ಪ್ರಾರ್ಥನೆಯನ್ನು ಹಿಂಬಾಲಿಸಲು ಅವರ ಮನಸ್ಸಿಗೆ ಶಕ್ತಿಯಿರದು. ಒಂದು ಚಿಕ್ಕ ಕೀರ್ತನೆ ಸಾಕು. ಅವರು ಪ್ರಾರ್ಥಿಸಲಾರದ ದಿನ ಅವರಿಗೋಸ್ಕರ ಪ್ರಾರ್ಥಿಸುವದು ಸಭೆಯ ಕೆಲಸವಾಗಿದೆ.