ವಿದ್ಯಾದಾನಿ ಡಾ॥ ಟಿ. ಎಂ. ಎ. ಪೈ

ಶ್ರೀಕೃಷ್ಣದರ್ಶನಕ್ಕೆಂದು ಉಡುಪಿಗೆ ಬರುವ ಭಕ್ತಾದಿಗಳಲ್ಲಿ ಅನೇಕರು ಹಿಂದಿರುಗುವ ಮುನ್ನ ಮಣಿಪಾಲಕ್ಕೂ ಹೋಗಿಬರುವುದುಂಟು. ಕೆಲವರಿಗೆ ಅಲ್ಲಿಯ ಆಸ್ಪತ್ರೆಯಲ್ಲಿ ಕೆಲಸವಿರುತ್ತದೆ, ಕೆಲವರಿಗೆ ಅಲ್ಲಿ ಓದುವ ಮಕ್ಕಳನ್ನು ಕಾಣಬೇಕಾಗಿರುತ್ತದೆ. ಉಡುಪಿಯಿಂದ ಪೂರ್ವಕ್ಕೆ ಮೂರು ಮೈಲಿಯ ಆಸುಪಾಸಿನಲ್ಲಿರುವ ಆ ಗುಡ್ಡ ಒಂದಾನೊಂದು ಕಾಲಕ್ಕೆ ಮುರಕಲ್ಲಿನ ಬೋಳು ನೆಲವಾಗಿತ್ತು. ಮಣ್ಣುಪಳ್ಳವೆಂಬ ಕೆರೆಯ ಹೆಸರೇ ಮಣಿಪಾಲವಾಯಿತೆಂದು ಹೇಳುತ್ತಾರೆ. ಆ ಗುಡ್ಡದ ಮೇಲೆ ವಿದ್ಯಾಕೇಂದ್ರವೊಂದನ್ನು ಎಬ್ಬಿಸಿ ನಿಲ್ಲಿಸಿದ ಮಹನೀಯರನ್ನು ಈ ಸಂಚಿಕೆಯಲ್ಲಿ ಸ್ಮರಿಸಲು ಬಯಸಿದ್ದೇವೆ.

ತೋನ್ಸೆ ಮಾಧವ ಅನಂತ ಪೈಗಳು ಜನಿಸಿದ್ದು 1898ನೆಯ ಇಸವಿ ಏಪ್ರಿಲ್ 30ರಂದು, ಸುವರ್ಣಾ ನದಿಯ ತೀರದ ಕಲ್ಯಾಣಪುರದಲ್ಲಿ, ಗೌಡ ಸಾರಸ್ವತ ಮನೆತನದಲ್ಲಿ. ಆ ದಿನಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಉನ್ನತ ವಿದ್ಯೆ ಬೇಕೆನ್ನುವವರು ಮಂಗಳೂರಿಗೆ ಹೋಗಬೇಕು. ವೈದ್ಯವಿದ್ಯೆಗಾದರೋ ಮದರಾಸೇ ಗತಿ. ಪೈಗಳೂ ಮದರಾಸಿಗೇ ಹೋಗಿ, 1925ರಲ್ಲಿ ವೈದ್ಯಪದವಿಯನ್ನು ಪಡೆದು ಊರಿಗೆ ಮರಳಿದರು. ಪರವೂರಿನಲ್ಲಿ ಓದಿದವರು ಪರವೂರಿನಲ್ಲೇ ನೆಲೆಸುವುದು ನಮ್ಮ ಕರಾವಳಿಯಲ್ಲಿ ಅಂದಿಗೂ ಇಂದಿಗೂ ವಾಡಿಕೆ. ಅವರು ಮರಳಿದರೆಂಬುದೇ ಮುಂದಿನ ಸಮಸ್ತಕ್ಕೂ ಬೀಜವಾಯಿತೆಂದು ನಾವು ಭಾವಿಸುತ್ತೇವೆ.

ಅದೇ ವರ್ಷ ಅಣ್ಣಂದಿರಾದ ಉಪೇಂದ್ರ ಅನಂತ ಪೈಗಳು ಹಾಗೂ ಎಂಜಿನಿಯರಾದ ವಾಮನ ಕುಡ್ವರೊಂದಿಗೆ ಸೇರಿ ಅವರು ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೂಲಧನ ಕೇವಲ 8,000 ರೂಪಾಯಿ. ಕೈಮಗ್ಗದ ಕಸುಬು ಕುಸಿದು ನೇಕಾರರು ಸಂಕಟಕ್ಕೆ ಸಿಲುಕಿದ್ದ ಕಾಲವದು. ಅವರಿಗೆ ನೆರವಾಗುವುದೇ ಮೊದಲ ಉದ್ದೇಶ. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯನ್ನು ನಮ್ಮ ಓದುಗರಲ್ಲಿ ಅರಿಯದವರು ವಿರಳ. ಬ್ಯಾಂಕಿನ ಪ್ರತಿನಿಧಿ ಪ್ರತಿದಿನ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸಿ ಬರೆದುಕೊಂಡು ಹೋಗುತ್ತಿದ್ದನು. ದಿನಕ್ಕೆ ಎರಡಾಣೆಯೆಂದರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ಹೂವು ಮಾರುವಾಕೆಗೂ, ಹೋಟೆಲಿನ ಮಾಣಿಗೂ ಬ್ಯಾಂಕಿನ ಮೆಟ್ಟಿಲೇರುವ ಸಂಕೋಚವಿಲ್ಲದೆ ಒಂದು ಗಂಟು ಕೂಡಿಬರುತ್ತಿತ್ತು. ರೋಗಿಗಳ ಬಡತನವನ್ನು ಕಣ್ಣಾರೆ ಕಂಡ ವೈದ್ಯರಿಗೆ ಉಳಿತಾಯವೂ ಒಂದು ಔಷಧವೆಂದು ತೋರಿದ್ದರಲ್ಲಿ ಆಶ್ಚರ್ಯವೇನು?

ಆದರೆ ಅವರ ಮನಸ್ಸು ನೆಲೆನಿಂತದ್ದು ವಿದ್ಯಾಪ್ರಸಾರದಲ್ಲಿ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಶಾಲೆಯನ್ನು ನಡುವೆಯೇ ಬಿಡಬೇಕಾದ ತರುಣರಿಗೆ ಕೈಗೊಂದು ಕಸುಬನ್ನು ಕಲಿಸುವುದರಿಂದ ಅದರ ಕಾರ್ಯ ಮೊದಲಾಯಿತು. ಮಹಾತ್ಮರು ತೀರಿಕೊಂಡ ಮರುವರ್ಷ, 1949ರಲ್ಲಿ, ಅವರ ಸ್ಮಾರಕವಾಗಿ ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜು ತೆರೆಯಿತು. ಅಲ್ಲಿಯವರೆಗೆ ಮಂಗಳೂರಿನಲ್ಲಿ ವಸತಿ, ಭೋಜನಗಳ ವೆಚ್ಚವನ್ನು ಭರಿಸಲಾರದೆ ಎಷ್ಟು ಮನೆಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಓದನ್ನು ನಿಲ್ಲಿಸಿದ್ದರೋ! ಮನೆಯಲ್ಲಿ ಉಂಡು ಕಾಲೇಜಿಗೆ ನಡೆದುಹೋಗುವ ಭಾಗ್ಯ ಉಡುಪಿಯವರಿಗೆ ಒದಗಿದ್ದು ಅಂದಿನಿಂದ.

ಬಳಿಕ 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು. ಸರಕಾರವೇ ವೈದ್ಯಕಾಲೇಜುಗಳನ್ನು ನಡೆಸಬೇಕೆಂಬ ನಂಬಿಕೆ ಪ್ರಬಲವಾಗಿದ್ದ ಕಾಲದಲ್ಲಿ, ಆಸ್ಪತ್ರೆಯೇ ಇಲ್ಲದ ಗುಡ್ಡದ ಮೇಲೆ ಖಾಸಗಿ ಕಾಲೇಜೆಂದರೆ ನಕ್ಕವರೇ ಅಧಿಕ. ಪಾಠದ ಮೊದಲ ಭಾಗ ಮಣಿಪಾಲದಲ್ಲಿಯೂ, ರೋಗಿಗಳ ಬಳಿಯ ಶಿಕ್ಷಣ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿಯೂ ನಡೆಯುವಂತೆ ಏರ್ಪಾಡಾಯಿತು. ಮಣಿಪಾಲದಲ್ಲಿ ಸ್ವಂತ ಆಸ್ಪತ್ರೆ ತೆರೆದದ್ದು 1961ರಲ್ಲಿ. ನಡುವೆ 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1965ರಲ್ಲಿ ದಂತವೈದ್ಯಕೀಯ ಕಾಲೇಜು. ಹೀಗೆ ಗುಡ್ಡ ತುಂಬುತ್ತ ಹೋಯಿತು. 1972ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಇಲ್ಲೊಂದು ಮಾತನ್ನು ಮುಚ್ಚಿಡುವುದು ಉಚಿತವಲ್ಲ. ಸರಕಾರದ ಧನವಿಲ್ಲದೆ ಕಾಲೇಜು ನಿಂತದ್ದು ಪ್ರವೇಶ ಬಯಸಿದ ಅನುಕೂಲಸ್ಥರು ಕೊಟ್ಟ ಹಣದ ಬಲದಿಂದ. ವಿದ್ಯೆಯನ್ನು ದಾನವೆಂದು ಕಾಣುವ ನಮ್ಮ ಮನೆಗಳಲ್ಲಿ ಇದು ಅಂದೇ ಚರ್ಚೆಗೆ ಆಸ್ಪದವಾಗಿತ್ತು. ಹಣವಿಲ್ಲದ ಪ್ರತಿಭಾವಂತನ ಪಾಡೇನೆಂದು ಒಂದು ಪಕ್ಷ. ಕಾಲೇಜೇ ಇಲ್ಲದಿದ್ದರೆ ಇಬ್ಬರಿಗೂ ವಿದ್ಯೆಯಿಲ್ಲ, ಊರಿಗೆ ಆಸ್ಪತ್ರೆಯೂ ಇಲ್ಲವೆಂದು ಇನ್ನೊಂದು ಪಕ್ಷ. ಎರಡನೆಯ ಪಕ್ಷಕ್ಕೆ ನಮ್ಮ ಮನಸ್ಸು ವಾಲುತ್ತದೆಯಾದರೂ, ಮೊದಲನೆಯ ಪ್ರಶ್ನೆ ಅದರಿಂದ ತೀರಿತೆಂದು ಹೇಳಲಾರೆವು. ಮಣಿಪಾಲವನ್ನು ಕಂಡು ಅನ್ಯತ್ರ ಹುಟ್ಟಿಕೊಂಡ ಕಾಲೇಜುಗಳಲ್ಲಿ ಎಲ್ಲವೂ ಇದೇ ಶ್ರದ್ಧೆಯಿಂದ ನಡೆದವೆಂದೂ ಹೇಳುವಂತಿಲ್ಲ. 1984ರಲ್ಲಿ ಕರ್ನಾಟಕ ಸರಕಾರ ಇಂತಹ ಪ್ರವೇಶಧನವನ್ನು ನಿಷೇಧಿಸುವ ಕಾಯಿದೆಯನ್ನೇ ತಂದಿತು. 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ಮಂದಿ ನ್ಯಾಯಾಧೀಶರ ಪೀಠ ಖಾಸಗಿ ವಿದ್ಯಾಸಂಸ್ಥೆಗಳ ಹಕ್ಕುಗಳನ್ನು ಕುರಿತು ತೀರ್ಪಿತ್ತ ಪ್ರಸಿದ್ಧ ಮೊಕದ್ದಮೆ ಪೈಗಳ ಹೆಸರಿನ ಪ್ರತಿಷ್ಠಾನದ್ದೇ. ಹೀಗಾಗಿ ಮಣಿಪಾಲವನ್ನು ಕಾಣದ ಕಾನೂನು ವಿದ್ಯಾರ್ಥಿಗಳೂ ಕಲ್ಯಾಣಪುರದ ಈ ವೈದ್ಯರ ಹೆಸರನ್ನು ಬಲ್ಲರು.

1979ನೆಯ ಇಸವಿ ಮೇ 29ರಂದು ಪೈಗಳು ಹರಿಪಾದವನ್ನು ಸೇರಿದರು. ಅವರು ನೆಟ್ಟ ಸಂಸ್ಥೆಗಳ ಸಮೂಹ 1993ರಲ್ಲಿ ವಿಶ್ವವಿದ್ಯಾಲಯವೆಂಬ ಮಾನ್ಯತೆಯನ್ನು ಪಡೆಯಿತು. ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಅವರ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆ ಕೆನರಾ ಬ್ಯಾಂಕನ್ನು 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಅಮ್ಮೆಂಬಳ ಸುಬ್ಬರಾವ್ ಪೈಗಳೂ, ಅದಕ್ಕೂ ಮೊದಲು, 1891ರಲ್ಲಿ, ಕೆನರಾ ಹೈಸ್ಕೂಲನ್ನು ತೆರೆದವರು.